ಗೊಂಬೆ ಮೇಡಂಗೆ ಒಂದು ಕರೆ

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಲಿಫ್ಟಿನ ಬಾಗಿಲು ತೆರೆದಾಗ ಎದುರಿನ ಆಟಿಕೆ ಅಂಗಡಿಯ ಕೌಂಟರಿನಲ್ಲಿದ್ದ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಒಂದು ಹಳದಿ ಬ್ಯಾಗು. ಹೆಂಗಸರ ಬ್ಯಾಗು. ನೇತಾಡುತ್ತಿದ್ದದ್ದು ಮಾತ್ರ ಲಿಫ್ಟ್ ಮೆಕ್ಯಾನಿಕ್‌ನ ಹೆಗಲಿನಲ್ಲಿ.

ಎಂಟು ತಿಂಗಳಿಂದ ಆ ಹೆಗಲಿನಲ್ಲಿ ಅವಳು ನೋಡಿದ್ದು ಸ್ಪ್ಯಾನರು, ಎಣ್ಣೆಬಟ್ಟೆ ತುರುಕಿದ ಚೀಲವೊಂದನ್ನೇ. ಇವತ್ತು ಇಸ್ತ್ರಿ ಮಾಡಿದ ನೀಲಿ ಅಂಗಿ, ಸೊಂಟದ ಮೇಲೆ ಮಗು, ಪಕ್ಕದಲ್ಲಿ ಆ ಬ್ಯಾಗಿನ ಒಡತಿ. ಎತ್ತರದ ನಿಲುವು, ನಗುಮುಖ, ನೆಲಕ್ಕೂ ನೋವಾಗದಂಥ ನಡಿಗೆ.

ಮಗು ಯಾರದೆಂದು ಅವಳಿಗೆ ಗೊತ್ತಿತ್ತು. ಅವನ ಅಕ್ಕನ ಮಗಳು, ಎರಡೂವರೆ ವರ್ಷದ್ದು. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಭಾವ ಹಡಗು ಹತ್ತಿದರೆ ಆರು ತಿಂಗಳು ಪತ್ತೆಯಿಲ್ಲ. ಹಾಗಾಗಿ ಮಗು ಬೆಳೆಯುತ್ತಿದ್ದದ್ದೇ ಸೋದರಮಾವನ ಸೊಂಟದ ಮೇಲೆ. ದಿನವಿಡೀ ಸಣ್ಣಗೆ ರಾಗ ಎಳೆಯುತ್ತದೆಂದು ಅವನು ಅದಕ್ಕೆ ಪಿಟೀಲು ಎಂದು ಹೆಸರಿಟ್ಟಿದ್ದ. ಇದನ್ನೆಲ್ಲ ಅವನೇ ಹೇಳಿದ್ದ. ಹಳದಿ ಬ್ಯಾಗಿನ ಸುದ್ದಿಯನ್ನು ಮಾತ್ರ ಎತ್ತಿರಲಿಲ್ಲ.

ಅವರಿಬ್ಬರ ಪರಿಚಯವಾದದ್ದು ಅವಳು ಈ ಮೂರನೇ ಮಹಡಿಯ ಆಟಿಕೆ ಅಂಗಡಿಗೆ ಇನ್ನೊಂದು ಶಾಖೆಯಿಂದ ವರ್ಗವಾಗಿ ಬಂದ ಹೊಸತರಲ್ಲಿ. ಒಂದು ಪೆಟ್ಟಿಗೆ ಗೊಂಬೆಗಳ ಜೊತೆ ಅವಳು ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡಿದ್ದಳು, ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಬಾಗಿಲಿನಾಚೆಯ ಗಂಡುದನಿಯೊಂದು ಅವಳನ್ನು ಮಾತಾಡಿಸುತ್ತಲೇ ಇತ್ತು. ಪೆಟ್ಟಿಗೆಯಲ್ಲಿ ಎಷ್ಟು ಗೊಂಬೆ, ಯಾವುದಕ್ಕೆ ಮೂಗು ಮೊಂಡು, ಯಾವುದು ನಿಮ್ಮ ಮೇಷ್ಟ್ರ ಹಾಗಿದೆ ಎಂದೆಲ್ಲ ಕೇಳಿ ಅಳುವವಳನ್ನು ನಗಿಸಿತ್ತು. ಬಾಗಿಲು ತೆರೆದು ಮುಖ ನೋಡಿದ್ದೇ ತಡ, ಅಷ್ಟು ಮಾತಾಡಿದವನ ಬಾಯಿಗೆ ಬೀಗ ಬಿತ್ತು.

ಆಮೇಲೆ ತಿಂಗಳಿಗೊಮ್ಮೆ ಬರಬೇಕಾದವನು ವಾರವಾರ ಬರತೊಡಗಿದ. ಎಲ್ಲೋ ಏನೋ ಸದ್ದು ಬರುತ್ತಿದೆ ಎನ್ನುತ್ತಿದ್ದ. ಕೌಂಟರಿನ ಮುಂದೆ ನಿಂತು, ಕಣ್ಣು ಮಿಟುಕಿಸದ ಗೊಂಬೆಗಳ ಬೆನ್ನು ಬಿಚ್ಚಿ ಸರಿಮಾಡಿ ಕೊಡುತ್ತಿದ್ದ. ಕೊಡುವಾಗ ಒಮ್ಮೆ ಅವಳನ್ನು ನೋಡುತ್ತಿದ್ದ, ಅವಳು ನೋಡಿದರೆ ಗೊಂಬೆಯನ್ನು ನೋಡುತ್ತಿದ್ದ. ಎಂಟು ತಿಂಗಳಲ್ಲಿ ಕಥೆ ಅದಕ್ಕಿಂತ ಮುಂದೆ ಒಂದು ಹೆಜ್ಜೆ ಇಟ್ಟಿರಲಿಲ್ಲ.

ಇವತ್ತು ಬೆಳಿಗ್ಗೆಯಷ್ಟೇ ಮ್ಯಾನೇಜರ್ ಅವಳನ್ನು ಕರೆದು, ಊರಿನ ಆ ತುದಿಯಲ್ಲಿ ಹೊಸ ಅಂಗಡಿ ತೆರೆಯುತ್ತಿದೆ, ಅದರ ಇನ್‌ಚಾರ್ಜ್ ಆಗಿ ಹೋಗುತ್ತೀಯಾ, ಸಂಜೆಯೊಳಗೆ ಹೇಳು ಎಂದಿದ್ದರು. ಎರಡು ವರ್ಷದಿಂದ ಅವಳು ಬಯಸಿದ್ದ ಕೆಲಸ. ಆದರೂ ತಕ್ಷಣ ಹೂಂ ಎನ್ನಲಾಗಿರಲಿಲ್ಲ. ಕಾರಣ ಈಗ ಎದುರಿಗೇ ನಿಂತಿತ್ತು, ಯಾರದೋ ಬ್ಯಾಗು ಹೊತ್ತುಕೊಂಡು.

ಅವನು ಪರಿಚಯ ಮಾಡಿಸಿದ. ಇವರು ಪಿಟೀಲಿನ ಶಿಶುವಿಹಾರದ ಟೀಚರ್. ಮಗು ಇನ್ನೂ ಸರಿಯಾಗಿ ಮಾತು ಜೋಡಿಸುತ್ತಿಲ್ಲ, ಒಳ್ಳೆಯ ಆಟಿಕೆ ಆರಿಸಿಕೊಡಲು ಬಂದಿದ್ದಾರೆ. ಅಷ್ಟು ಹೇಳುವುದರೊಳಗೆ ಮೂರು ಸಲ ಗಂಟಲು ಸರಿಮಾಡಿಕೊಂಡ.

"ನಮಗೆ ಸುಳ್ಳು ಸುಳ್ಳೇ ಅಡುಗೆ ಮಾಡೋದು, ಡಾಕ್ಟರ್ ಆಗೋದು, ಆ ಥರ ಆಡೋ ಆಟಿಕೆ ಬೇಕು. ಮಗು ಏನಾದ್ರೂ ಮಾಡಿದ್ರೆ ಅದೂ ತಿರುಗಿ ಏನಾದ್ರೂ ಹೇಳಬೇಕು," ಎಂದರು ಟೀಚರ್.

ನಮಗೆ. ಆ ಒಂದು ಪದ ಅವಳ ಕಿವಿಯಲ್ಲಿ ಮುಳ್ಳಿನ ಹಾಗೆ ಕೂತಿತು.

ಅವಳು ಅಡುಗೆಮನೆ ಸೆಟ್ ತೋರಿಸಿದಳು. ಗುಂಡಿ ಒತ್ತಿದರೆ ಒಲೆ ಕೆಂಪಾಗಿ ಚುರ್ ಎನ್ನುತ್ತಿತ್ತು, ನಲ್ಲಿ ತಿರುಗಿಸಿದರೆ ನೀರಿನ ಸದ್ದು. ಟೀಚರ್ ನೆಲದ ಮೇಲೆ ಕೂತರು. ಅವನೂ ಕೂತ. ಪಿಟೀಲು ಪ್ಲಾಸ್ಟಿಕ್ ಕ್ಯಾರೆಟ್ಟನ್ನು ಟೀಚರ್ ಬಾಯಿಗೆ ಹಿಡಿಯಿತು, ಆಮೇಲೆ ಮಾವನ ಬಾಯಿಗೆ. ದೂರದಿಂದ ನೋಡಿದವರು ಅಪ್ಪ ಅಮ್ಮ ಮಗು ಎಂದೇ ಹೇಳಬೇಕು. ಹತ್ತಿರದಿಂದ ನೋಡಿದರೂ ಅವಳಿಗೆ ಹಾಗೇ ಕಂಡಿತು.

"ಅದು ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೆ. ಸಣ್ಣ ತುಂಡುಗಳಿವೆ, ಬಾಯಿಗೆ ಹಾಕ್ಕೊಂಡ್ರೆ ಕಷ್ಟ," ಎಂದಳು. ಪೆಟ್ಟಿಗೆಯ ಮೇಲೆ ಹಾಗೆಂದು ಬರೆದಿದ್ದದ್ದು ನಿಜವೇ. ಹೇಳಿದ ದನಿ ಮಾತ್ರ ಅವಳಿಗೇ ಹುಳಿಯೆನಿಸಿತು.

ಟೀಚರ್ ಮೆಚ್ಚಿ ತಲೆಯಾಡಿಸಿದರು. ಇಷ್ಟು ಎಚ್ಚರಿಕೆಯಿಂದ ಹೇಳುವವರು ಎಲ್ಲಿದ್ದಾರೆ ಎಂದು ಅವನ ಕಡೆ ತಿರುಗಿ ಹೊಗಳಿದರು. ದ್ವೇಷಿಸಲು ಒಂದು ಎಳೆಯೂ ಸಿಗದಂಥ ಹೆಂಗಸು; ಅವಳಿಗೆ ಅದೇ ಇನ್ನಷ್ಟು ಉರಿ.

ಮುಂದಿನದು ಡಾಕ್ಟರ್ ಸೆಟ್. ಟೀಚರ್ ಆಟದ ಸ್ಟೆತಾಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡು, ಪಿಟೀಲಿಗೆ ಕಲಿಸುವ ನೆಪದಲ್ಲಿ ಅದರ ತುದಿಯನ್ನು ಅವನ ಎದೆಗೆ ಇಟ್ಟರು. ಡಬ್ ಡಬ್ ಎಂದಿತು. ಮಾವನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿದೆ ನೋಡು ಎಂದು ನಕ್ಕರು. ಹಾಗೇ ಅವನ ಅಂಗಿಯ ಮೇಲಿದ್ದ ನೂಲೊಂದನ್ನು ತೆಗೆದು ಹಾಕಿದರು.

"ಗೋಡೆಗೆ ಇಟ್ರೂ ಹಾಗೇ ಹೊಡ್ಕೊಳ್ಳುತ್ತೆ. ಒಳಗೆ ಬ್ಯಾಟರಿ ಇದೆ," ಎಂದಳು ಅವಳು.

ಅವನು ಸರಕ್ಕನೆ ತಲೆಯೆತ್ತಿ ನೋಡಿದ. ಎಂಟು ತಿಂಗಳಲ್ಲಿ ಮೊದಲ ಬಾರಿ ಗೊಂಬೆಯತ್ತ ಕಣ್ಣು ತಿರುಗಿಸಲಿಲ್ಲ. ಅವಳೇ ತಿರುಗಿಸಿಕೊಂಡು ಗಾಜಿನ ಆಚೆ ಮ್ಯಾನೇಜರ್ ಕೋಣೆಯತ್ತ ನೋಡಿದಳು. ಇವರ ಬಿಲ್ ಮುಗಿಯಲಿ, ಹೋಗಿ ಹೂಂ ಎಂದುಬಿಡುತ್ತೇನೆ ಎಂದು ಆ ಕ್ಷಣವೇ ತೀರ್ಮಾನಿಸಿದಳು.

ಅಷ್ಟರಲ್ಲಿ ಪಿಟೀಲು ಕೆಳಗಿನ ಹಲಗೆಯಿಂದ ಕೆಂಪು ಆಟದ ಫೋನೊಂದನ್ನು ಎಳೆದು ತಂದಿತು. ರಿಸೀವರ್ ಎತ್ತಿದರೆ "ಹಲೋ, ಯಾರು ಮಾತಾಡೋದು?" ಎಂದು ಕೇಳುವ ಫೋನು. ಮಗು ಏನಾದರೂ ಹೇಳಿ ನಿಲ್ಲಿಸಿದರೆ "ಹೌದಾ? ಆಮೇಲೆ?" ಎನ್ನುತ್ತಿತ್ತು. ಮಾತು ತಡವಾದ ಮಕ್ಕಳಿಗೆ ಇದು ಒಳ್ಳೆಯದು ಎಂದು ಟೀಚರ್ ವಿವರಿಸತೊಡಗಿದರು. ಮಕ್ಕಳು ಮನೆಯಲ್ಲಿ ನೋಡಿದ್ದನ್ನೇ ಆಡುತ್ತವೆ, ಸುಮ್ಮನೆ ನೋಡುತ್ತಿರಿ ಎಂದರು.

ಪಿಟೀಲು ಫೋನನ್ನು ಕಿವಿಗೆ ಇಟ್ಟುಕೊಂಡಿತು. ಎದ್ದು ನಿಂತಿತು. ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ಎರಡು ಹೆಜ್ಜೆ ಹಾಕಿತು, ಥೇಟ್ ದೊಡ್ಡ ಗಂಡಸಿನ ಹಾಗೆ. ಗಂಟಲು ಸರಿಮಾಡಿಕೊಂಡಿತು.

"ಅಲೋ. ಗೊಂಬೆ ಮೇಡಂ..."

"ಹೌದಾ? ಆಮೇಲೆ?" ಎಂದಿತು ಫೋನು.

"ಊತ ಆಯ್ತಾ... ಏನಿಲ್ಲ. ಏನಿಲ್ಲ. ಚುಮ್ನೆ."

"ಹೌದಾ? ಆಮೇಲೆ?"

"ನೀವಂದ್ರೆ... ನಂಗೆ ತುಂಬಾ..." ಮಗು ಅಲ್ಲಿಗೆ ನಿಲ್ಲಿಸಿತು. ದೊಡ್ಡದೊಂದು ಉಸಿರು ಬಿಟ್ಟಿತು. ಪುಟ್ಟ ಅಂಗೈಯಿಂದ ಹಣೆ ಚಚ್ಚಿಕೊಂಡು, "ಅಯ್ಯೋ ದಡ್ಡ," ಎಂದು ಫೋನಿಟ್ಟಿತು.

ಪಿಟೀಲು ಮತ್ತೆ ಫೋನೆತ್ತಿ ಅದೇ ಪಾಠವನ್ನು ಮೊದಲಿನಿಂದ ಶುರುಮಾಡಿತು. ಮನೆಯಲ್ಲಿ ಮಾವ ಹೀಗೆ ಅಭ್ಯಾಸ ಮಾಡುವುದನ್ನು ದಿನಕ್ಕೆ ಹತ್ತು ಸಲ ನೋಡಿರಬೇಕು, ಅದಕ್ಕೆ ಎಲ್ಲೂ ತಪ್ಪಲಿಲ್ಲ. ಅವನ ಕಿವಿ ಕೆಂಪಾಯಿತು, ಆಮೇಲೆ ಕುತ್ತಿಗೆ. ಫೋನ್ ಕಿತ್ತುಕೊಳ್ಳಲು ಹೋದ, ಮಗು ಕೊಡಲಿಲ್ಲ.

ಅವಳು ಕೌಂಟರಿನ ಅಂಚನ್ನು ಹಿಡಿದುಕೊಂಡಳು. ಗೊಂಬೆ ಮೇಡಂ ಎಂದು ಅವನು ಅವಳೆದುರು ಒಮ್ಮೆಯೂ ಕರೆದಿರಲಿಲ್ಲ. ಆದರೂ ಈ ಊರಿನಲ್ಲಿ ಆ ಹೆಸರಿಗೆ ಓಗೊಡಬೇಕಾದವಳು ತಾನೊಬ್ಬಳೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವರು ಟೀಚರ್. ಮೆಲ್ಲಗೆ ಎದ್ದು ಸೀರೆಯ ಧೂಳು ಕೊಡವಿದರು. ಅವರ ನಗು ಹಾಗೇ ಇತ್ತು. ಕಣ್ಣಿನಲ್ಲಿ ಮಾತ್ರ ಅದು ಉಳಿದಿರಲಿಲ್ಲ.

"ಕೊಡಿ, ನನ್ನ ಬ್ಯಾಗು ನಾನೇ ಹಿಡ್ಕೊಳ್ತೀನಿ," ಎಂದು ಅವನ ಹೆಗಲಿನಿಂದ ತೆಗೆದುಕೊಂಡರು. ಆಮೇಲೆ ಅವಳ ಕಡೆ ತಿರುಗಿ, ಫೋನನ್ನೇ ಪ್ಯಾಕ್ ಮಾಡಿ, ಇದರಷ್ಟು ಮಾತು ಬೇರೆ ಯಾವುದೂ ಬಿಡಿಸಲಾರದು ಎಂದರು. ಪಿಟೀಲಿನ ಬೆರಳು ಹಿಡಿದು ಚೆಂಡುಗಳಿದ್ದ ಮೂಲೆಗೆ ಕರೆದುಕೊಂಡು ಹೋದರು.

ಅವನು ಕೌಂಟರಿನ ಹತ್ತಿರ ಬಂದ. ಮಾತು ಅವಳೇ ಎತ್ತಬೇಕಾಯಿತು.

"ಅವರಿಗೆ ನೀವು ಇಷ್ಟ. ಅದೂ ಗೊತ್ತಾಗ್ಲಿಲ್ವಾ ನಿಮಗೆ?"

ಅವನು ನಿಜವಾಗಿಯೂ ಬೆಚ್ಚಿದ. ಗೊತ್ತಿರಲಿಲ್ಲ ಎಂಬುದು ಮುಖದ ಮೇಲೇ ಇತ್ತು. ತೊದಲುತ್ತ ಹೇಳಿದ: ಒಬ್ಬನೇ ಬಂದರೆ ಐದು ನಿಮಿಷದಲ್ಲಿ ಆಟಿಕೆ ಕೈಗೆ ಬರುತ್ತದೆ, ಹೊರಡಬೇಕಾಗುತ್ತದೆ. ಟೀಚರ್ ಎಲ್ಲವನ್ನೂ ಬಿಡಿಸಿ ನೋಡುವವರು, ಒಂದು ಗಂಟೆಯಾದರೂ ಇಲ್ಲಿರಬಹುದು ಎಂದುಕೊಂಡೆ. ಅಷ್ಟರೊಳಗೆ ಹೇಗೋ ಧೈರ್ಯ ಬರುತ್ತದೆ ಎಂದುಕೊಂಡೆ.

"ನನ್ನ ನೋಡೋಕೆ ಇನ್ನೊಬ್ಬರನ್ನ ಜೊತೆಗೆ ಕರ್ಕೊಂಡು ಬಂದ್ರಿ. ಈ ಒಂದು ಗಂಟೆ ನನಗೆ ಹೇಗಿತ್ತು ಗೊತ್ತಾ?" ಎಂದಳು. "ಆ ನೂಲು ತೆಗೆದ್ರಲ್ಲ, ಆಗ ನನಗೆ ಅವರ ಕೈಗೆ ಒಂದು ಏಟು ಹಾಕೋಣ ಅನ್ನಿಸ್ತು. ಅಷ್ಟು ಕೆಟ್ಟವಳಾಗಿಬಿಟ್ಟಿದ್ದೆ."

ಅವನ ಮುಖದಲ್ಲಿ ನಗು ಅರಳಲು ನೋಡಿ, ಹೆದರಿ ಅರ್ಧಕ್ಕೇ ನಿಂತಿತು. "ತಪ್ಪು ನಂದೇ," ಎಂದ. "ಅವರ ಹತ್ರ ಇವತ್ತೇ ಕ್ಷಮೆ ಕೇಳ್ತೀನಿ. ಬಾಗಿಲು ಮುಚ್ಚಿದ್ದಾಗ ನಿಮ್ಮ ಹತ್ರ ಎಷ್ಟು ಬೇಕಾದ್ರೂ ಮಾತಾಡಬಲ್ಲೆ. ಮುಖ ಕಂಡ್ರೆ ಎಲ್ಲಾ ಮರೆತುಹೋಗುತ್ತೆ."

"ನಾನು ಬೇರೆ ಅಂಗಡಿಗೆ ಹೋಗ್ತಿದ್ದೀನಿ. ಊರಿನ ಆ ತುದಿಗೆ."

ನಗು ಪೂರ್ತಿ ಆರಿಹೋಯಿತು. "ನನ್ನಿಂದಾನಾ?"

ಒಂದು ಗಳಿಗೆಯ ಹಿಂದೆ ಅದು ನಿಜವಾಗಿತ್ತು. ಈಗಲೂ ಹೋಗುವುದೇ ಸರಿ ಎನಿಸಿತು, ಆದರೆ ಬೇರೆ ಕಾರಣಕ್ಕೆ. ಅವಳು ಅಲ್ಲವೆಂದು ತಲೆಯಾಡಿಸಿದಳು. ಅಲ್ಲಿ ತಾನೇ ಇನ್‌ಚಾರ್ಜ್, ತನಗೆ ಬೇಕಾದ ಹಾಗೆ ಅಂಗಡಿ ಜೋಡಿಸಬಹುದು, ಎರಡು ವರ್ಷದಿಂದ ಕಾದಿದ್ದೆ ಎಂದು ಹೇಳಿದಳು.

ಅವನು ಹೋಗಬೇಡಿ ಎನ್ನಲಿಲ್ಲ; ಅದನ್ನು ಅವಳು ಗಮನಿಸಿದಳು. "ಆ ಕಡೆ ನಮ್ಮ ಕಂಪನಿ ಕೆಲಸ ಇಲ್ಲ," ಎಂದ. "ಅಲ್ಲಿಗೆ ಏನಂತ ಬರಲಿ?"

"ನನ್ನನ್ನ ನೋಡೋಕೆ ಅಂತ ಬನ್ನಿ."

ಅವನು ಕೌಂಟರಿನ ಮೇಲೆ ಎರಡೂ ಕೈ ಊರಿದ. ಗಂಟಲು ಸರಿಮಾಡಿಕೊಳ್ಳಲಿಲ್ಲ.

"ನಿಮ್ಮನ್ನ ನೋಡೋಕೆ ಬಂದೆ," ಎಂದ, ಅವಳ ಮುಖ ನೋಡುತ್ತಲೇ.

"ಇನ್ನೊಂದ್ಸಲ," ಎಂದಳು ಅವಳು.