ಅಂಚು ಮೊಂಡಾದ ಟ್ರೈಲೊಬೈಟ್

"ಚಿಕ್ಕಪ್ಪಾ, ಈ ಹುಡುಗಿ ಸುಳ್ಳು ಹೇಳೋಳಲ್ಲ," ಎಂದು ಶೀಲಾ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು.

ಭದ್ರಾವತಿಯ ಹಳೇ ಮನೆಯ ಜಗಲಿಯಲ್ಲಿ ಹೂವಪ್ಪ ಉಳಿ ಮಸೆಯುತ್ತಿದ್ದರು. ಕಾರ್ಖಾನೆಯಲ್ಲಿ ಎರಕಕ್ಕೆ ಬೇಕಾದ ಮರದ ಅಚ್ಚು ಕೊರೆಯುತ್ತ ಮೂವತ್ತು ವರ್ಷ ಕಳೆದವರು. ನಿವೃತ್ತರಾದ ಮೇಲೆ ಊರಿನವರ ಕಳುವು, ಮೋಸಗಳ ಗಂಟು ಬಿಡಿಸುವುದೇ ಅವರ ಕೆಲಸವಾಗಿತ್ತು. ಶಿವಮೊಗ್ಗದ ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುವ ಅಣ್ಣನ ಮಗಳು ಶೀಲಾ ಅಂಥ ಎಷ್ಟೋ ಪ್ರಕರಣಗಳಲ್ಲಿ ಅವರ ಜೊತೆಗಿದ್ದಳು.

"ಸುಳ್ಳು ಅಂದೋರ್ಯಾರು ಮಾರಾಯ್ತಿ? ಕೂತ್ಕೊಳ್ಳಿ ಮೊದಲು."

ಬಂದ ಹುಡುಗಿ ಲಿಖಿತಾ ಅದೇ ಕಾಲೇಜಿನ ಸಂಶೋಧಕಿ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಹರಿದಾಡಿ ಅಳಿದುಹೋದ ಟ್ರೈಲೊಬೈಟ್ ಎಂಬ ಜೀವಿ, ಏಡಿ ಚೇಳುಗಳ ದೂರದ ನೆಂಟ, ನೀರಿನ ಸೆಳೆತದಲ್ಲಿ ಹೇಗೆ ನಿಲ್ಲುತ್ತಿತ್ತು ಎಂಬುದು ಅವಳ ವಿಷಯ. ಅದರ ಅಲ್ಯೂಮಿನಿಯಂ ಮಾದರಿಗೆ ಅಚ್ಚು ಕೊರೆದುಕೊಟ್ಟಿದ್ದವರು ಹೂವಪ್ಪನವರೇ. ಮೂರು ತಿಂಗಳು ಆ ಮಾದರಿ ನೀರಿಗೆ ಎದುರಾಗಿ ಕಲ್ಲಿನಂತೆ ಕೂತಿತ್ತು. ಮೊನ್ನೆ ಪಿಎಚ್.ಡಿ. ಸಮಿತಿಯ ಎದುರು ಮಾತ್ರ ನೀರು ಬಿಟ್ಟೊಡನೆ ಮಗುಚಿಬಿದ್ದಿತ್ತು.

"ಅಂಕಿಅಂಶ ಎಲ್ಲಾ ಕಟ್ಟುಕತೆ ಅಂದ್ರು. ಗುರುವಾರದೊಳಗೆ ತೋರಿಸದಿದ್ರೆ ಪಿಎಚ್.ಡಿ. ರದ್ದು," ಎಂದಳು ಲಿಖಿತಾ. "ನಾಲ್ಕು ವರ್ಷ ಅಜ್ಜಾ..."

ಮರುದಿನ ಮೂವರೂ ಪ್ರಯೋಗಾಲಯದ ಹಿಂಭಾಗದಲ್ಲಿದ್ದರು. ಗಾಜಿನ ಗೋಡೆಯ ಉದ್ದನೆ ಕಾಲುವೆಯಲ್ಲಿ ಪಾಚಿಗಟ್ಟಿದ ನೀರು, ಅದರಲ್ಲಿ ಹೊಟ್ಟೆ ಉಬ್ಬಿದ ಕಪ್ಪೆ. ಶೀಲಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಬೀಗದ ಕೈ ಇಟ್ಟುಕೊಂಡಿದ್ದ ಅಟೆಂಡರ್ ಓಬಯ್ಯ ಮಾದರಿ ತಂದುಕೊಟ್ಟ.

"ಇದು ನಿಲ್ಲೋಕೆ ಕಾಲಿನ ಉಗುರು ಬೇಕು ಸ್ವಾಮಿ. ಇದಕ್ಕೆ ಕಾಲೇ ಇಲ್ಲ," ಎಂದ.

"ಉಗುರಲ್ಲ ಮಾರಾಯ, ಭಾರ," ಎಂದು ನಕ್ಕ ಮುರಳಿ. ಲಿಖಿತಾಳ ಜೊತೆಯ ಸಂಶೋಧಕ. ಒಂದೇ ಉಪನ್ಯಾಸಕ ಹುದ್ದೆಗೆ ಇಬ್ಬರೂ ಅರ್ಜಿ ಹಾಕಿದ್ದರು. "ಭಾರ ಇದ್ರೆ ಇಡ್ಲಿ ಪಾತ್ರೆನೂ ನಿಲ್ಲುತ್ತೆ. ಅದಕ್ಯಾಕೆ ಪಿಎಚ್.ಡಿ.?"

ಅವಳ ಮಾರ್ಗದರ್ಶಕ ಜನಾರ್ದನ ಕುರ್ಚಿಯಲ್ಲಿ ಎಲೆಅಡಿಕೆ ಜಗಿಯುತ್ತ, ನಾಲಗೆಗೆ ಬೆರಳು ಅದ್ದಿ ಹಾಜರಿ ಪುಸ್ತಕ ತಿರುವುತ್ತಿದ್ದರು. ಲೈಬ್ರರಿಯಲ್ಲೂ ಅವರದು ಅದೇ ಚಾಳಿ. ಅವರು ಮುಟ್ಟಿದ ಪುಸ್ತಕವನ್ನು ಶೀಲಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು.

"ಇವಳ ಅಧ್ಯಾಯ ನಾನು ತೆರೆದೂ ನೋಡಿಲ್ಲ. ಸುಳ್ಳನ್ನ ಯಾಕೆ ಓದ್ಲಿ?" ಎಂದು ಟೈಪು ಮಾಡಿದ ಕಟ್ಟನ್ನು ಮೇಜಿನ ಮೇಲೆ ಎಸೆದರು.

"ಇರೋದು ಅದೊಂದೇ ಪ್ರತಿ," ಎಂದು ಲಿಖಿತಾ ಪಿಸುಗುಟ್ಟಿದಳು. "ಅವರಿಗೆ ಬಿಟ್ರೆ ಯಾರಿಗೂ ಕೊಟ್ಟಿಲ್ಲ."

ಹೂವಪ್ಪ ಮಾದರಿಯನ್ನು ತೂಗಿದರು. ಲಿಖಿತಾ ಬರೆದಿಟ್ಟ ತೂಕಕ್ಕೆ ಹೆಚ್ಚುಕಮ್ಮಿ ಸರಿಯಾಗಿತ್ತು. ಉದ್ದ ಅಳೆದರು. ಇನ್ನೂರು ಮಿಲಿಮೀಟರ್ ಇರಬೇಕಾದದ್ದು ಎರಡೂವರೆ ಕಡಿಮೆ ಬಂತು. ತಲೆಯ ಅಂಚಿನ ಮೇಲೆ ಹೆಬ್ಬೆರಳಾಡಿಸಿ ಮುಖ ಸಿಂಡರಿಸಿದರು.

"ಶೀಲಾ, ಆ ಅಧ್ಯಾಯ ಸ್ವಲ್ಪ ತಿರುವಿ ನೋಡಮ್ಮ."

ಶೀಲಾ ಹಾಳೆಗಳ ಮೂಲೆ ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡಳು. ಬೆರಳು ಒರೆಸಿಕೊಂಡು, ಅಂಚು ಹಿಡಿದು ಒಂದೊಂದೇ ಹಾಳೆ ತಿರುವಿದಳು.

ಗುರುವಾರ ಪ್ರಿನ್ಸಿಪಾಲರೂ ಸಮಿತಿಯ ಉಳಿದವರೂ ಕಾಲುವೆಯ ಸುತ್ತ ಸೇರಿದರು.

"ಬಿಸಿ ಲೋಹ ಆರುವಾಗ ಕುಗ್ಗುತ್ತೆ," ಎಂದು ಹೂವಪ್ಪ ಶುರುಮಾಡಿದರು. "ಅದಕ್ಕೇ ನಾವು ಮರದ ಅಚ್ಚನ್ನ ಕೊಂಚ ದೊಡ್ಡದಾಗಿ ಕೊರೀತೀವಿ. ಇದು ಗೊತ್ತಿಲ್ಲದೋರು ಎರಕವನ್ನೇ ಅಚ್ಚು ಮಾಡ್ಕೊಂಡು ಇನ್ನೊಂದು ಎರಕ ಹೊಯ್ಸಿದ್ರೆ? ಎರಡನೇದು ಇನ್ನೂರಕ್ಕೆ ಎರಡೂವರೆ ಮಿಲಿಮೀಟರ್ ಚಿಕ್ಕದಾಗುತ್ತೆ. ಇಲ್ಲಿರೋದು ಈ ಹುಡುಗಿಯ ಮಾದರಿ ಅಲ್ಲ, ನಕಲು."

"ಹಾಳು ಮಾಡೋದಿದ್ರೆ ಅದನ್ನೇ ಅರದಿಂದ ಉಜ್ಜಬಹುದಿತ್ತಲ್ಲ?" ಎಂದರು ಪ್ರಿನ್ಸಿಪಾಲರು.

"ಅಲ್ಲೇ ಇದೆ ನೋಡಿ. ಮಾಡಿದವನಿಗೆ ಅಸಲಿ ಕೆಡಬಾರದಿತ್ತು. ಅದು ಅವನಿಗೆ ಬೇಕಿತ್ತು. ಇನ್ನು ಏನು ಬದಲಾಯಿಸಿದ್ದಾನೆ? ಮುರಳಿ ಆಗಿದ್ರೆ ಭಾರ ಇಳಿಸ್ತಿದ್ದ. ಓಬಯ್ಯನ ಪ್ರಕಾರ ಕಾಲಿಲ್ಲದ್ದು ನಿಲ್ಲೋದೇ ಇಲ್ಲ, ಅವನು ಏನು ಬದಲಾಯಿಸ್ತಾನೆ? ಈ ಜೀವಿಯ ತಲೆ ಅಗಲ, ಇಳಿಜಾರು. ಅಂಚು ನೆಲಕ್ಕೆ ಅಂಟಿ ಕೂರುತ್ತೆ. ಎದುರಿಂದ ಬಂದ ನೀರು ಅಡಿಗೆ ನುಗ್ಗದೆ ಮೇಲೇರಿ ಅದನ್ನ ಕೆಳಕ್ಕೇ ಒತ್ತುತ್ತೆ. ಆ ಅಂಚಿನ ಕೆಳಗೆ ಮೇಣ ಮೆತ್ತಿ, ಮೊಂಡು ಮಾಡಿ ನಕಲು ಹೊಯ್ಸಿದ್ದಾರೆ. ನೀರು ಅಡಿಗೆ ನುಗ್ಗಿತು, ಮಗುಚಿತು. ಅಂಚಿನ ಗುಟ್ಟು ಬರೆದಿರೋದು ಮೂವತ್ತೊಂದನೇ ಪುಟದಲ್ಲಿ ಮಾತ್ರ. ಅದನ್ನ ಯಾರು ಓದಿದ್ರು, ಶೀಲಾ?"

ಶೀಲಾ ಅಧ್ಯಾಯದ ಕಟ್ಟನ್ನು ಎಲ್ಲರೆದುರು ಬಿಚ್ಚಿ ಹಿಡಿದಳು. "ಒಂದರಿಂದ ಮೂವತ್ತೊಂದರವರೆಗೆ ಪ್ರತಿ ಹಾಳೆಯ ಮೂಲೆಯಲ್ಲೂ ಎಲೆಅಡಿಕೆಯ ಕೆಂಪು ಎಂಜಲು. ಆಮೇಲಿನವು ಶುಭ್ರ. ತೆರೆದೇ ಇಲ್ಲ ಅಂದ್ರಲ್ಲ ಸಾರ್?"

ಜನಾರ್ದನರ ದವಡೆ ನಿಂತಿತು. ಅವರ ಬೀರು ತೆಗೆಸಿದಾಗ ಟವೆಲಿನಲ್ಲಿ ಸುತ್ತಿದ ಅಸಲಿ ಮಾದರಿ ಸಿಕ್ಕಿತು; ಅದರಡಿ, ಪತ್ರಿಕೆಗೆ ಕಳಿಸಲು ಸಿದ್ಧವಾದ ಲೇಖನ. ಲಿಖಿತಾಳ ಅಂಕಿಗಳು, ಜನಾರ್ದನರೊಬ್ಬರದೇ ಹೆಸರು.

"ನಾನು ನಿನ್ನ ತಂದೆ ಸಮಾನ ಕಣಮ್ಮ," ಎಂದು ಅವರು ಹಲ್ಲುಕಿರಿದರು. "ಇಬ್ಬರ ಹೆಸರೂ ಹಾಕೋಣ ಬಿಡು."

ಸತ್ತ ಕಪ್ಪೆ ಕಂಡಾಗಲೂ ಬಾರದ ಹೇಸಿಗೆ ಶೀಲಾಗೆ ಆ ನಗು ಕಂಡು ಬಂತು. ಅದಕ್ಕಿಂತ ಹೆಚ್ಚು ಹೇಸಿಗೆಯಾದದ್ದು ಪ್ರಿನ್ಸಿಪಾಲರ ಕೆಮ್ಮು ಕೇಳಿ. "ಕಾಲೇಜಿನ ಮರ್ಯಾದೆ... ಇಲ್ಲೇ ಮುಗಿಸಿದ್ರೆ..."

ಲಿಖಿತಾ ಟವೆಲು ಸರಿಸಿದಳು. ಅಸಲಿ ಮಾದರಿಯನ್ನು ನೀರಿಗೆ ಎದುರಾಗಿ ಇಟ್ಟು ಕಾಲುವೆಯ ಗೇಟನ್ನು ಪೂರ್ತಿ ತಿರುಗಿಸಿದಳು. ನೀರು ಭೋರೆಂದು ಬಂತು. ಮಾದರಿ ಅಲುಗಲಿಲ್ಲ.

"ನನ್ನ ಪ್ರಯೋಗ ಸರಿ ಇದೆ ಅಂತ ಮೊದಲು ಬರೀರಿ ಸಾರ್," ಎಂದಳು. "ಇವರು ನನ್ನ ಮಾರ್ಗದರ್ಶಕರಲ್ಲ ಅಂತ ಅದರ ಕೆಳಗೆ. ಯಾಕೆ ಅನ್ನೋದನ್ನೂ ಬರೀರಿ. ಅಲ್ಲೀವರೆಗೆ ನಾನು ನೀರು ನಿಲ್ಲಿಸಲ್ಲ."

ನೀರು ಕಾಲುವೆಯ ಅಂಚು ಮೀರಿ ನೆಲಕ್ಕೆ ಚೆಲ್ಲತೊಡಗಿತು. ಪ್ರಿನ್ಸಿಪಾಲರು ಒದ್ದೆಯಾದ ಬೂಟು ನೋಡಿಕೊಂಡು, ಪೆನ್ನಿನ ಮುಚ್ಚಳ ತೆಗೆದರು.