ಹೊಳೆಯದೆ ಹೋದ ಬಣ್ಣ

ಒಂದಾನೊಂದು ಊರಿನಲ್ಲಿ ಬೆಳಕು ಬೀರುವ ಬಣ್ಣ ಕಾಯಿಸುವ ಅಕ್ಕತಂಗಿಯರಿದ್ದರು. ಒಂದೇ ಪ್ರಯೋಗಾಲಯ, ಎದುರುಬದುರು ಮೇಜು. ದಿನಗಟ್ಟಲೆ ಕುದಿಸಿ, ಸೋಸಿ, ಒಣಗಿಸಿ ಇಬ್ಬರೂ ಪಡೆಯುತ್ತಿದ್ದುದು ಕಿತ್ತಳೆ ಪುಡಿಯನ್ನೇ. ಆದರೆ ಸ್ಪಿರಿಟ್ಟಿನಲ್ಲಿ ಕರಗಿಸಿ ನೇರಳಾತೀತ ದೀಪ ಹಿಡಿದರೆ ತಂಗಿಯದು ಹಸಿರಾಗಿ ಉರಿಯುತ್ತಿತ್ತು. ಅಕ್ಕನದು ಏನು ಮಾಡಿದರೂ ಮಿಣುಕ್ ಎನ್ನುತ್ತಿರಲಿಲ್ಲ.

ಆ ತಂಗಿ ಒಂದು ಮಧ್ಯಾಹ್ನ ಅಳುತ್ತ ನಮ್ಮ ಮನೆಗೆ ಬಂದಳು. ಪತ್ತೇದಾರಿಕೆ ನನ್ನ ಸೋದರತ್ತೆಯ ಕಸುಬು. ಚೀಲ ಹೊತ್ತು ಅವರ ಹಿಂದೆ ಸುತ್ತುವುದು ನನ್ನದು.

"ನಿನ್ನೆ ಕರಗಿಸಿಟ್ಟ ನನ್ನ ಬಣ್ಣದ ಬಾಟಲಿಗೆ ಬೆಳಿಗ್ಗೆ ಕತ್ತಲೆ ಕೋಣೇಲಿ ಎಲ್ಲರ ಮುಂದೆ ದೀಪ ಹಿಡಿದ್ವಿ, ಮೇಡಂ. ಹೊಳೀಲೇ ಇಲ್ಲ! ನಮ್ಮ ಪ್ರೊಫೆಸರ್ ಬಾಟಲೀನ ಬೀಗ ಹಾಕಿ ಇಟ್ಕೊಂಡಿದಾರೆ. ಇಷ್ಟು ದಿನ ಸುಳ್ಳು ಹೇಳಿದೆ ಅಂತ ಸಂಜೆ ನನ್ನನ್ನ ಹೊರಗೆ ಹಾಕ್ತಾರೆ."

"ಅಳಬೇಡ ಚಿನ್ನ. ಸಂಜೆಯೊಳಗೆ ಅದೇ ಬಾಟಲಿ ಬಣ್ಣ ಅವರೆಲ್ಲರ ಕಣ್ಣೆದುರಿಗೇ ಹೊಳೆಯುತ್ತೆ. ಮಾತು ಕೊಟ್ಟೆ."

ಚಿನ್ನ! ನನ್ನನ್ನು ಅತ್ತೆ ಕರೆಯುವುದು "ಏ ಇವಳೇ" ಎಂದು. ಚೀಲವನ್ನು ಹೆಗಲಿಗೆ ಎಸೆದುಕೊಂಡು ಅವರ ಹಿಂದೆ ಪ್ರಯೋಗಾಲಯಕ್ಕೆ ನಡೆದೆ.

ಹಿಂದಿನ ದಿನ ಕೊನೆಗೆ ಪ್ರಯೋಗಾಲಯದಲ್ಲಿ ಉಳಿದಿದ್ದವರು ಅಕ್ಕ ಮತ್ತು ಒಬ್ಬ ಸಹೋದ್ಯೋಗಿ. ಸದಾ ಸಿಡುಕುವ ಅವನನ್ನು ಎಲ್ಲರೂ ಗೊಣಗಪ್ಪ ಎನ್ನುತ್ತಿದ್ದರು.

"ನನ್ನ ಕೆಲಸಾನೇ ನನಗೆ ಹೊರೆ. ಅವಳ ಪುಡಿ ಕಟ್ಕೊಂಡು ನನಗೇನಾಗಬೇಕು?" ಎಂದ ಅವನು.

ಅತ್ತೆ ಕೇಳುವ ಮೊದಲೇ ಅಕ್ಕ ನೇರಳಾತೀತ ದೀಪದಡಿ ಕೈ ಚಾಚಿದಳು. ಉಗುರಿನ ಸಂದಿಯ ಕಿತ್ತಳೆ ಮಂಕಾಗಿಯೇ ಇತ್ತು. "ನೋಡಿ, ಇದು ನನ್ನ ಪುಡಿ. ಅವಳದ್ದಾಗಿದ್ರೆ ಹೊಳೀತಿರಲಿಲ್ವಾ? ಅವಳದ್ದನ್ನ ಮುಟ್ಟೋ ಗತಿ ನನಗಿನ್ನೂ ಬಂದಿಲ್ಲ."

"ಸರಿ ಬಿಡಮ್ಮ," ಅತ್ತೆ ಆಕಳಿಸಿದರು. "ಎಲ್ಲರೂ ಸ್ಪಿರಿಟ್ಟು, ಸೋಪು ಹಾಕಿ ಕೈ ತೊಳ್ಕೊಳ್ಳಿ. ಟೀ ಕುಡಿಯೋಣ."

ಟೀ ಮುಗಿದ ಮೇಲೆ ಅತ್ತೆ ಎಲ್ಲರನ್ನೂ ಕತ್ತಲೆ ಕೋಣೆಗೆ ಕರೆದರು. ಪ್ರೊಫೆಸರ್ ಬಾಟಲಿ ಹಿಡಿದು ಬಂದರು.

"ಈಗ ಇಬ್ಬರೂ ದೀಪದಡಿ ಕೈ ತೋರಿಸಿ," ಎಂದರು ಅತ್ತೆ.

ಗೊಣಗಪ್ಪನ ಕೈ ಹೊಳೆಯಲಿಲ್ಲ. ಅಕ್ಕನ ಉಗುರುಗಳ ಸುತ್ತ ಹಸಿರು ಬೆಳಕು ಹರಿದಾಡುತ್ತಿತ್ತು.

"ಈ ಬಣ್ಣಕ್ಕೆ ಗುಂಪು ಆಗಿಬರಲ್ಲ," ಎಂದರು ಅತ್ತೆ. "ಒಣಪುಡಿಯಾಗಿ ಒತ್ತಾಗಿದ್ರೆ ಮಂಕು, ತೆಳುವಾದರೆ ಹೊಳಪು. ಬಾಟಲಿಗೆ ತಂಗಿಯದೇ ಪುಡಿ ಇನ್ನಷ್ಟು ಸುರಿದರೆ ಸಾಕು, ಕಣಗಳು ಒಂದರ ಬೆಳಕನ್ನ ಇನ್ನೊಂದು ನುಂಗುತ್ತವೆ. ಕತ್ತಲಲ್ಲಿ ಅದು ಗಟ್ಟಿಯಾಗಿದ್ದು ಯಾರಿಗೂ ಕಾಣಲಿಲ್ಲ. ಅಷ್ಟೆಲ್ಲ ತಿಳಿದು ಸುರಿದವಳು, ಕೈ ತೊಳೆದರೆ ಉಗುರಿನ ಪುಡಿಯೂ ತೆಳುವಾಗಿ ಹೊಳೆಯುತ್ತೆ ಅನ್ನೋದನ್ನೇ ಮರೆತಳು. ಅವಳ ಸ್ವಂತ ಪುಡಿಯಾಗಿದ್ರೆ ಎಷ್ಟು ತೊಳೆದರೂ ಹೊಳೀತಿರಲಿಲ್ಲ."

"ಅಕ್ಕಾ, ನೀನಾ?"

"ಹೂಂ, ನಾನೇ! ನಿನಗೆ ಕೆಲಸ ಕಲಿಸಿದವಳೂ ನಾನೇ. ಮನೇಲಿ ಹೊಗಳೋದೂ ನಿನ್ನನ್ನೇ, ಇಲ್ಲೂ ನಿನ್ನನ್ನೇ. ಒಂದು ದಿನ ನೀನೂ ನನ್ನ ಹಾಗೆ ಕತ್ತಲಲ್ಲಿ ನಿಂತು ನೋಡು ಅನ್ನಿಸ್ತು."

ಅತ್ತೆ ಬಾಟಲಿಯ ಮುಚ್ಚಳ ತೆಗೆದರು, ಶುದ್ಧ ಸ್ಪಿರಿಟ್ಟಿನ ಲೋಟವನ್ನು ದೀಪದಡಿ ಇಟ್ಟರು, ಹನಿ ಹಾಕುವ ಕೊಳವೆಯನ್ನು ಅಕ್ಕನ ಕೈಗೆ ಕೊಟ್ಟರು.

"ಕೆಡಿಸಿದವಳೇ ಸರಿಮಾಡು."

ಅಕ್ಕ ಕೊಳವೆಯನ್ನು ಬಾಟಲಿಯೊಳಗೆ ಅದ್ದಿ ಲೋಟದ ಮೇಲೆ ಹಿಡಿದಳು. ಹನಿ ಬಿತ್ತು, ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತ ಇಳಿಯಿತು. ಲೋಟದ ತುಂಬ ಹಸಿರು ಹೊತ್ತಿಕೊಂಡಿತು.