ನದಿ ದಾಟಿ ಹೋದ ಸೈಕಲ್ ಬೆಲ್

"ಅಂಕಲ್, ಇದೇ ಬೆಲ್ ಸೇತುವೆ ಆಚೆ ಆರೇ ನಾಣ್ಯ! ನೀವು ಒಂಬತ್ತು ಹೇಳ್ತೀರಲ್ಲ!"

ಕೊಕ್ಕರೆ ಹೇಳಿದ್ದು ಸೈಕಲ್ ಅಂಗಡಿಯ ಒಳಗಿದ್ದವರಿಗೆ ಮಾತ್ರವಲ್ಲ, ಎದುರಿನ ಟೈಲರ್‌ಗೂ ಕೇಳಿಸಿತು. ಕಾಲು ಉದ್ದ, ಕತ್ತು ಉದ್ದ, ಅದಕ್ಕೇ ಕ್ಲಾಸಿನಲ್ಲಿ ಅವನಿಗೆ ಆ ಹೆಸರು. ಅವನ ದನಿಯೂ ಉದ್ದ ಅಂತ ಇವತ್ತು ಗೊತ್ತಾಯಿತು.

ಅಂಗಡಿಯ ಮೂಲೆಯಲ್ಲಿ ಕೂತಿದ್ದ ಪಟಾಕಿಯ ಕಿವಿ ಬಿಸಿಯಾಯಿತು. ಅದು ಅವಳ ಅಪ್ಪನ ಅಂಗಡಿ. ಮಾತಿಗೆ ಮುಂಚೆ ಸಿಡಿಯುತ್ತಾಳೆ ಅಂತ ಮನೆಯವರು ಅವಳಿಗೆ ಇಟ್ಟ ಹೆಸರು ಪಟಾಕಿ. ಈಗ ಅಪ್ಪ ಏನಾದರೂ ಹೇಳುತ್ತಾನೆ, ಇವನ ಬಾಯಿ ಮುಚ್ಚಿಸುತ್ತಾನೆ ಅಂತ ಅವಳು ಕಾದಳು.

ಅಪ್ಪ ಚಕ್ರದ ಕಡ್ಡಿ ಬಿಗಿ ಮಾಡುತ್ತಾ ತಲೆ ಎತ್ತಿದ. "ಹೌದಪ್ಪ. ಅಲ್ಲಿ ಆರು, ಇಲ್ಲಿ ಒಂಬತ್ತು," ಅಂದು ನಕ್ಕ.

ಅಷ್ಟೇ! ಕೊಕ್ಕರೆಯ ಹಿಂದಿದ್ದ ಹುಡುಗರೆಲ್ಲ ಕಿಸಕ್ಕೆಂದರು. ಒಬ್ಬ ಮೆಲ್ಲಗೆ "ಲೂಟಿ ಅಂಗಡಿ" ಅಂದದ್ದು ಪಟಾಕಿಗೆ ಚೆನ್ನಾಗಿ ಕೇಳಿಸಿತು. ಸೋಮವಾರ ಶಾಲೆಯಿಂದ ನದಿ ದಂಡೆಗೆ ಸೈಕಲ್ ಸವಾರಿ ಇತ್ತು. ಬೆಲ್ ಇಲ್ಲದ ಸೈಕಲ್ ತರಲೇಬಾರದು ಅಂತ ಮಿಸ್ ಹೇಳಿದ್ದರು. ಕ್ಲಾಸಿನಲ್ಲಿ ಹನ್ನೊಂದು ಜನಕ್ಕೆ ಬೆಲ್ ಬೇಕಿತ್ತು. ಒಬ್ಬರೂ ಕೊಳ್ಳದೆ ಹೊರಟುಹೋದರು.

"ಅಪ್ಪ, ನೀನೂ ಆರಕ್ಕೇ ಕೊಡು!"

"ನಾನು ತರೋದೇ ಎಂಟಕ್ಕೆ ಕಣೇ. ಆರಕ್ಕೆ ಕೊಟ್ಟರೆ ನಾಳೆ ನಿನ್ನನ್ನೇ ಮಾರಬೇಕಾಗುತ್ತೆ. ನಿನ್ನನ್ನ ಯಾರು ತಗೋತಾರೆ?"

ಪಟಾಕಿಗೆ ನಗು ಬರಲಿಲ್ಲ. ಆಚೆ ಅಂಗಡಿಯವರು ಆರಕ್ಕೆ ಮಾರುತ್ತಾರೆ, ಅಪ್ಪ ಎಂಟಕ್ಕೆ ಕೊಳ್ಳುತ್ತಾನಂತೆ. ಅದು ಹೇಗೆ? ಅಪ್ಪ ಸುಳ್ಳು ಹೇಳುತ್ತಿದ್ದಾನಾ? ಅಥವಾ ಆಚೆಯದು ಡೂಪ್ಲಿಕೇಟ್ ಬೆಲ್ ಇರಬಹುದು! ಹೌದು, ಅದೇ ಸರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗಿಬಿಡುತ್ತದೆ.

ಸೇತುವೆಯ ಈಚೆ ಒಂದು ದೇಶ, ಆಚೆ ಇನ್ನೊಂದು; ನಾಣ್ಯ ಮಾತ್ರ ಎರಡೂ ಕಡೆ ಒಂದೇ. ಅಜ್ಜಿಯ ತಂಗಿ ಆಚೆ ದೇಶದಲ್ಲಿದ್ದಳು. ಪ್ರತಿ ಶನಿವಾರ ಅಜ್ಜಿ ಸೇತುವೆ ದಾಟಿ ತಂಗಿಯ ಮನೆಗೆ ಹೋಗುವಳು, ಹರಟೆ ಮುಗಿಸಿ ಸಂಜೆಗೆ ವಾಪಸ್. ಈ ಶನಿವಾರ ಪಟಾಕಿಯೂ ಹೊರಟಳು. ಹೊರಡುವ ಮುಂಚೆ ಅಪ್ಪನ ಅಂಗಡಿಯಿಂದ ಒಂದು ಬೆಲ್ ಎತ್ತಿ, ಅಜ್ಜಿಯ ಚೀಲದ ತಳದಲ್ಲಿ, ಶಾಲಿನ ಒಳಗೆ ಸುತ್ತಿಟ್ಟಳು. ಅಜ್ಜಿಗೆ ಹೇಳಲಿಲ್ಲ.

ಸೇತುವೆಯ ಮಧ್ಯೆ ಕಾವಲಿನವನ ಪುಟ್ಟ ಮನೆ. ಅವನು ಪಾಸ್ ನೋಡಿ ಠಸ್ಸೆ ಒತ್ತಿದ. ಅಜ್ಜಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

ಟ್ರಿಣ್!

"ಅದೇನಜ್ಜಿ ಸದ್ದು?"

"ನನ್ನ ಮೊಣಕಾಲಪ್ಪ," ಅಂದಳು ಅಜ್ಜಿ. "ವಯಸ್ಸಾಯ್ತಲ್ಲ, ಏನೇನೋ ಸದ್ದು ಮಾಡುತ್ತೆ."

ಚೀಲ ಮತ್ತೆ ಟ್ರಿಣ್ ಅಂದಿತು. ಕಾವಲಿನವನು ಕೈ ಹಾಕಿ ಬೆಲ್ ತೆಗೆದ. ಅಜ್ಜಿ ಬೆಲ್ ನೋಡಿದಳು, ಮೊಮ್ಮಗಳನ್ನು ನೋಡಿದಳು. ಪಟಾಕಿ ಆಕಾಶ ನೋಡಿದಳು.

ಕಾವಲಿನವನಿಗೆ ನಗು ತಡೆಯಲಾಗಲಿಲ್ಲ. "ಊರಿಗೆ ಊರೇ ಆ ಕಡೆಯಿಂದ ಬೆಲ್ ತರ್ತಾ ಇದ್ದಾರೆ. ಇಲ್ಲಿಂದ ಅಲ್ಲಿಗೆ ಬೆಲ್ ತಗೊಂಡು ಹೋಗೋಳು ನೀನೊಬ್ಬಳೇ ಕಣಮ್ಮ! ಹೋಗು, ಹೋಗು."

ಆಚೆ ದಡದ ಸೈಕಲ್ ಅಂಗಡಿ ಸೇತುವೆ ಇಳಿದ ಕೂಡಲೇ ಸಿಗುತ್ತಿತ್ತು. ಅದರ ಕೆಂಪು ಬಾಗಿಲು ಅಪ್ಪನ ಅಂಗಡಿಗೂ ಕಾಣುತ್ತಿತ್ತು. ಅಜ್ಜಿ ಕಟ್ಟೆಯ ಮೇಲೆ ಕೂತು ನಿಜವಾದ ಮೊಣಕಾಲನ್ನು ಒತ್ತಿಕೊಂಡಳು. ಪಟಾಕಿ ಒಳಗೆ ಕಾಲಿಡುವಾಗ ಅಲ್ಲಿ ಒಬ್ಬ ತಾತ ಅಂಗಡಿಯ ಆಂಟಿಗೆ ಜೋರು ಮಾಡುತ್ತಿದ್ದ.

"ನದಿ ಆಚೆ ಇದೇ ಟ್ಯೂಬು ನಾಲ್ಕು! ನಿನ್ನ ಹತ್ರ ಏಳು! ಹಗಲು ದರೋಡೆ ಅಂದ್ರೆ ಇದೇ!"

ತಾತ ಗೊಣಗುತ್ತಾ ಹೋದ. ಮೇಜಿನ ಹಿಂದೆ ಎರಡು ಜಡೆಯ ಹುಡುಗಿಯೊಬ್ಬಳು ಕಿವಿ ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಆ ಕೆಂಪು ಕಿವಿ ಪಟಾಕಿಗೆ ಗೊತ್ತಿತ್ತು. ಮೊನ್ನೆ ಅವಳ ಕಿವಿಯೂ ಹಾಗೇ ಆಗಿತ್ತು.

"ನೀನು ಆ ಕಡೆಯವಳಾ?" ಎರಡು ಜಡೆ ಕೇಳಿದಳು. "ನಿಮ್ಮಲ್ಲಿ ಟ್ಯೂಬು ನಾಲ್ಕು ಅನ್ನೋದು ಸುಳ್ಳು ತಾನೇ?"

"ನಿಜ. ನಮ್ಮ ಶಾಲೆ ಹಿಂದೇನೇ ಅದರ ಫ್ಯಾಕ್ಟರಿ. ಗಾಳಿ ಬಂದ್ರೆ ಕ್ಲಾಸೆಲ್ಲಾ ರಬ್ಬರ್ ವಾಸನೆ."

ಎರಡು ಜಡೆಯ ಮುಖ ಬಾಡಿತು. "ಹಾಗಾದ್ರೆ ನಮ್ಮಮ್ಮ ಮೋಸ ಮಾಡ್ತಾಳಾ?"

"ನಮ್ಮಪ್ಪ ಮಾಡ್ತಾನಾ ಅಂತ ನೋಡೋಕೇ ನಾನು ಬಂದಿದ್ದು," ಅಂದಳು ಪಟಾಕಿ, ಬೆಲ್ ಮೇಜಿನ ಮೇಲೆ ಕುಕ್ಕಿ.

ಆಂಟಿ ತಮ್ಮ ಅಂಗಡಿಯ ಬೆಲ್ ತಂದು ಪಕ್ಕದಲ್ಲಿಟ್ಟರು. ಅದೇ ಗಾತ್ರ, ಅದೇ ಹೊಳಪು, ತಳದಲ್ಲಿ ಅದೇ ಮೀನಿನ ಮುದ್ರೆ. ಡೂಪ್ಲಿಕೇಟ್ ಅಂತ ಯಾವುದೂ ಇರಲಿಲ್ಲ. ಪಟಾಕಿಯ ಕಣ್ಣು ತುಂಬಿಬಂತು.

"ಅಯ್ಯೋ, ಅಳ್ತೀಯಾ? ಬಾ ಇಲ್ಲಿ." ಆಂಟಿ ಸೀಮೆಸುಣ್ಣ ತಗೊಂಡು ನೆಲದ ಮೇಲೆ ಗೀಚತೊಡಗಿದರು. "ಬೆಲ್ ಮಾಡೋ ದೇಶ ಸಮುದ್ರದಾಚೆ. ಹಡಗು ಬರೋದು ನಮ್ಮ ದೇಶದ ಬಂದರಿಗೆ. ಬೆಳಿಗ್ಗೆ ಇಳಿಸಿದ್ರೆ ಮಧ್ಯಾಹ್ನ ನನ್ನ ಅಂಗಡೀಲಿ ಇರುತ್ತೆ. ನಿಮ್ಮ ದೇಶಕ್ಕೆ ಸಮುದ್ರ ಇದೆಯಾ?"

"ಇಲ್ಲ."

"ಅದಕ್ಕೇ ನಿಮ್ಮ ಬೆಲ್ ಲಾರಿ ಹತ್ತುತ್ತೆ. ಈ ಸೇತುವೆ ಮೇಲೆ ಮನೆ ಬಳಕೆಗೆ ನಾಲ್ಕಾರು ತಗೊಂಡು ಹೋಗಬಹುದು, ಅಂಗಡಿ ಮಾಲು, ಲಾರಿ ಬಿಡಲ್ಲ. ಅದು ಹೆದ್ದಾರಿಯ ಗಡಿ ಗೇಟಿಗೆ ಹೋಗಿ, ಕ್ಯೂ ನಿಂತು, ಟ್ಯಾಕ್ಸ್ ಕಟ್ಟಿ, ನಿಮ್ಮ ರಾಜಧಾನಿಯ ಗೋಡೌನ್ ಸೇರಬೇಕು. ಅಲ್ಲಿಂದ ಇನ್ನೊಂದು ಲಾರೀಲಿ ನಿಮ್ಮೂರಿಗೆ. ಡ್ರೈವರ್, ಹಮಾಲಿ, ಗೋಡೌನಿನವರು, ಎಲ್ಲರಿಗೂ ಹೊಟ್ಟೆ ಇದೆಯಲ್ಲಮ್ಮ."

ಗೆರೆ ನೆಲವೆಲ್ಲಾ ಸುತ್ತಿ, ಎರಡು ಜಡೆಯ ಚಪ್ಪಲಿಯ ಮೇಲೂ ಹತ್ತಿ ಇಳಿದು, ಕೊನೆಗೆ ಶುರುವಾದ ಜಾಗದ ಪಕ್ಕದಲ್ಲೇ ಬಂದು ನಿಂತಿತು. ಅಂಗಡಿಯಿಂದ ಅಂಗಡಿಗೆ ಒಂದು ಗೇಣು. ಬೆಲ್ ಮಾತ್ರ ಎರಡು ದೇಶ ಪ್ರದಕ್ಷಿಣೆ ಹಾಕಿತ್ತು.

"ಟ್ಯೂಬು?" ಎರಡು ಜಡೆ ಕೇಳಿದಳು. ಆಂಟಿ ಬಾಯಿ ತೆರೆಯುವ ಮುಂಚೆ ಪಟಾಕಿಯೇ ಸೀಮೆಸುಣ್ಣ ಕಿತ್ತುಕೊಂಡು ಅದೇ ಗೆರೆಯನ್ನು ಹಿಂದಕ್ಕೆ ಎಳೆದಳು. "ನಮ್ಮ ಶಾಲೆ ಹಿಂದಿನಿಂದ ಹೆದ್ದಾರಿ ಗೇಟು, ಕ್ಯೂ, ಟ್ಯಾಕ್ಸ್, ನಿಮ್ಮ ಗೋಡೌನ್, ಆಮೇಲೆ ಇಲ್ಲಿ."

"ಆಂಟಿ, ನಮ್ಮಪ್ಪ ಎಂಟಕ್ಕೆ ತಂದು ಒಂಬತ್ತಕ್ಕೆ ಮಾರ್ತಾನೆ. ಅವನಿಗೆ ಉಳಿಯೋದು ಒಂದೇ ನಾಣ್ಯಾನಾ?"

"ನನಗೂ ಒಂದೇ ಕಣಮ್ಮ," ಅಂದರು ಆಂಟಿ.

ಪಟಾಕಿಗೆ ಕುಣಿಯಬೇಕು ಅನ್ನಿಸಿತು. ಕುಣಿದೂ ಬಿಟ್ಟಳು. ಎರಡು ಜಡೆಯೂ ಕುಣಿದಳು. ಸೀಮೆಸುಣ್ಣದ ರಾಜಧಾನಿ ಅಳಿಸಿಹೋಯಿತು.

ಸಂಜೆ ಅವಳು ಬೆಲ್ಲನ್ನು ಸದ್ದಿಲ್ಲದೆ ಅದರ ಜಾಗದಲ್ಲಿ ಇಡುತ್ತಿದ್ದಾಗ ಹಿಂದಿನಿಂದ ಅಪ್ಪನ ದನಿ ಬಂತು. "ಏನು, ನನ್ನ ಬೆಲ್ ವಿದೇಶ ಪ್ರವಾಸ ಮುಗಿಸಿ ಬಂತಾ?"

ಕಾವಲಿನವನು ಟೈಲರ್‌ಗೆ ಹೇಳಿ, ಟೈಲರ್ ಅಪ್ಪನಿಗೆ ಹೇಳಿಯಾಗಿತ್ತು. ಪಟಾಕಿ ಅಪ್ಪನ ಸೊಂಟ ತಬ್ಬಿಕೊಂಡು, ಗ್ರೀಸ್ ಮೆತ್ತಿದ ಅಂಗಿಯಲ್ಲಿ ಮುಖ ಹುದುಗಿಸಿದಳು. ಅಪ್ಪನ ಮೇಲೆ ಅನುಮಾನ ಪಟ್ಟೆನಲ್ಲ ಅಂತ ಅವಳಿಗೆ ತುಂಬ ನಾಚಿಕೆಯಾಗಿತ್ತು. ಮುಖ ಎತ್ತಿದಾಗ ಮೂಗು ಕಪ್ಪಾಗಿತ್ತು.

ಭಾನುವಾರ ಅಂಗಡಿಯ ಮುಂದೆ ಹೊಸ ಬೋರ್ಡು ಬಂತು. ಪಟಾಕಿಯೇ ಬರೆದದ್ದು: "ಬೆಲ್ ಒಂಬತ್ತು, ಸೇತುವೆ ಆಚೆ ಆರು. ಟ್ಯೂಬ್ ನಾಲ್ಕು, ಸೇತುವೆ ಆಚೆ ಏಳು. ಎಲ್ಲಿ ಕೊಂಡರೂ ಜೋಡಿಸಿಕೊಡುತ್ತೇವೆ."

ಅಪ್ಪ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ತೆಗೆಯಲಿಲ್ಲ. ಆಚೆ ದಡದ ಕೆಂಪು ಬಾಗಿಲಿಗೂ ಅಂಥದ್ದೇ ಒಂದು ಬೋರ್ಡು ನೇತಾಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಬೈಗುಳದ ತಾತ ನಾಲ್ಕು ಟ್ಯೂಬು ಕೊಳ್ಳಲು ಅಪ್ಪನ ಅಂಗಡಿಗೇ ಬಂದ. ಕೊಕ್ಕರೆ ಸೇತುವೆ ದಾಟಿ ಆರಕ್ಕೆ ಬೆಲ್ ತಂದ. ದಾಟಲು ಪಾಸ್ ಇಲ್ಲದವರು ಅಪ್ಪನ ಹತ್ತಿರ ಒಂಬತ್ತಕ್ಕೆ ಕೊಂಡರು. ಯಾರೂ ಲೂಟಿ ಅನ್ನಲಿಲ್ಲ.

ಸೋಮವಾರ ಸೈಕಲ್‌ಗಳು ನದಿ ದಂಡೆಯ ಮೇಲೆ ಸಾಲಾಗಿ ಹೊರಟವು. ಆಚೆ ದಡದಲ್ಲಿ ಎರಡು ಜಡೆಯ ಹುಡುಗಿ ತನ್ನ ಸೈಕಲ್ ಹಿಡಿದು ನಿಂತಿದ್ದಳು. ಅವಳು ಟ್ರಿಣ್ ಟ್ರಿಣ್ ಅಂದಳು. ಪಟಾಕಿ ಟ್ರಿಣ್ ಟ್ರಿಣ್ ಅಂದಳು. ಆಮೇಲೆ ಕ್ಲಾಸಿಗೆ ಕ್ಲಾಸೇ ಬಾರಿಸತೊಡಗಿತು. ಮಿಸ್ ಕಿವಿ ಮುಚ್ಚಿಕೊಂಡು ನಕ್ಕರು.

"ಪಟಾಕಿ, ಈಗ ಕೇಳಿದ್ದು ಆರರದ್ದಾ, ಒಂಬತ್ತರದ್ದಾ?" ಕೊಕ್ಕರೆ ಕೂಗಿದ.

ಪಟಾಕಿ ಕಿವಿಗೊಟ್ಟು ಕೇಳಿದಳು. ಸದ್ದು ಆ ದಡದಿಂದ ಈ ದಡಕ್ಕೆ, ಈ ದಡದಿಂದ ಆ ದಡಕ್ಕೆ ನೀರಿನ ಮೇಲೆ ನೇರವಾಗಿ ಬರುತ್ತಿತ್ತು. ಅವಳು ಇನ್ನೊಂದು ಸಲ ಬೆಲ್ ಬಾರಿಸಿದಳು.